ಗಾಡಿಗೆ ಉಸಿರು ಕಟ್ಟಿದಾಗ

ರಸಾಯನಶಾಸ್ತ್ರದ ತರಗತಿಯಲ್ಲಿ ಕ್ರಿಯಾವರ್ಧಕದ ಬಗ್ಗೆ ಓದಿದ್ದೇವೆ. ಅದು ನಮ್ಮ ಕಾರಿನ ಅಡಿಯಲ್ಲೂ ಇದೆ. ಸೈಲೆನ್ಸರ್‌ಗಿಂತ ಮೊದಲು ಬರುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಜೇನುಗೂಡಿನಂಥ ಸಣ್ಣ ರಂಧ್ರಗಳಿವೆ. ಅಲ್ಲಿ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳು ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್, ಉರಿಯದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಕಾರ್ಬನ್ ಡೈಆಕ್ಸೈಡ್, ನೀರಾವಿ, ನೈಟ್ರೋಜನ್ ಆಗಿ ಬದಲಿಸುತ್ತವೆ.

ಈ ರಂಧ್ರಗಳು ಕಟ್ಟಿಕೊಂಡರೆ ಹೊಗೆ ಸರಾಗವಾಗಿ ಹೊರಹೋಗದು. ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಕೆಲವೊಮ್ಮೆ ಸ್ಟಾರ್ಟ್ ಆಗಿ ತಕ್ಷಣ ನಿಲ್ಲುತ್ತದೆ. ಆದರೆ ಏರ್ ಫಿಲ್ಟರ್ ಕಟ್ಟಿದರೂ ಇಂಥದೇ ಲಕ್ಷಣ. ಆದ್ದರಿಂದ ಊಹೆಯ ಮೇಲೆ ದುಬಾರಿ ಭಾಗ ಬದಲಿಸಬೇಡಿ. ಮೆಕ್ಯಾನಿಕ್ ಕನ್ವರ್ಟರ್‌ಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ಜಾಗಕ್ಕೆ ಒತ್ತಡದ ಗೇಜ್ ಹಾಕಿ ನೋಡಲಿ. ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಒತ್ತಡ ಸುಮಾರು 3 ಪಿಎಸ್‌ಐ ದಾಟಿದರೆ ಅದರಾಚೆ ಅಡಚಣೆ ಇದೆ ಎಂದರ್ಥ.

ಕನ್ವರ್ಟರ್ ತಾನಾಗಿ ಕಟ್ಟುವುದು ಅಪರೂಪ. ಸ್ಪಾರ್ಕ್ ಪ್ಲಗ್ ಕೆಟ್ಟು, ಉರಿಯದ ಪೆಟ್ರೋಲ್ ಅಲ್ಲಿಗೆ ಬಂದು ಉರಿದರೆ ಜೇನುಗೂಡೇ ಕರಗಬಹುದು. ಎಂಜಿನ್ ಆಯಿಲ್ ಸುಡುತ್ತಿದ್ದರೆ ಬೂದಿ ಕೂರುತ್ತದೆ. ಮೂಲ ದೋಷ ಸರಿಪಡಿಸದೆ ಹೊಸದು ಹಾಕಿದರೆ ಅದೂ ಹಾಳಾಗುತ್ತದೆ. ಕರಗಿದ್ದನ್ನು ತೊಳೆದು ಸರಿಮಾಡಲಾಗದು, ಬದಲಿಸಲೇಬೇಕು.

“ಒಳಗಿನದನ್ನು ಒಡೆದು ಖಾಲಿ ಮಾಡಿದರೆ ಸಾಕು” ಎನ್ನುವವರಿದ್ದಾರೆ. ಗಾಡಿ ಓಡುತ್ತದೆ, ನಿಜ. ಆದರೆ ಆ ವಿಷ ಸಿಗ್ನಲ್‌ನಲ್ಲಿ ನಮ್ಮ ಹಿಂದೆ ನಿಂತವರ, ಕಾಲೇಜು ಗೇಟಿನ ಬಳಿ ನಡೆಯುವ ಗೆಳೆಯರ ಎದೆಗೆ ಹೋಗುತ್ತದೆ. ನಾವು ಉಳಿಸಿದ ಹಣಕ್ಕೆ ಬೇರೆಯವರು ಬೆಲೆ ತೆರುವುದು ನ್ಯಾಯವಲ್ಲ.