ರಿಪೋರ್ಟು ಯಾರದು?

ನಮ್ಮ ಸಂಘದ ಹುಡುಗ ಹುಡುಗಿಯರೇ, ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ.

ಚಾಕಣ ಎಂ.ಐ.ಡಿ.ಸಿ.ಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗನಿಗೆ ಒಂದು ರಾತ್ರಿ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ನನ್ನ ನಂಬರನ್ನೇ ಕೊಟ್ಟಿದ್ದೆವು, ರಿಪೋರ್ಟು ನನ್ನ ಮೊಬೈಲಿಗೇ ಬಂತು. ಧಾರವಾಡದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಡಾಕ್ಟರು. ಅವನು ನೋಡಿ ಹೇಳಲಿ ಎಂದು, ಗಾಬರಿಯಲ್ಲಿ, ಅದನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಗುಂಪಿನಲ್ಲಿ 43 ಜನ! ನಾಲ್ಕೇ ದಿನಕ್ಕೆ ಅದು ಹುಬ್ಬಳ್ಳಿಯ ಹೆಣ್ಣಿನ ಮನೆ ಸೇರಿತು. ಗೊತ್ತಾಗಿದ್ದ ಸಂಬಂಧ ಮುರಿಯಿತು. "ಚಿಕ್ಕಮ್ಮ, ನಾನೇ ಆಕೀಗೆ ಹೇಳಾಂವ ಇದ್ದೆ" ಅಂದ, ಅಷ್ಟೇ.

ಹೆಣ್ಣಿನ ಕಡೆಯವರಿಗೆ ತಿಳಿಯಬಾರದಿತ್ತೇ ಎಂದು ನೀವು ಕೇಳಬಹುದು. 1998ರಲ್ಲಿ ಸುಪ್ರೀಂ ಕೋರ್ಟಿಗೂ ಇಂಥ ಪ್ರಶ್ನೆ ಬಂದಿತ್ತು. ಒಬ್ಬನಿಗೆ ಎಚ್.ಐ.ವಿ. ಇರುವುದು ಆಸ್ಪತ್ರೆಯಿಂದ ಹೊರಬಿದ್ದು ಮದುವೆ ನಿಂತಿತ್ತು. ರೋಗಿಯ ಗುಟ್ಟು ಕಾಯಬೇಕಾದದ್ದೇ, ಆದರೆ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದಾಗ ಆ ಹಕ್ಕಿಗೂ ಮಿತಿಯುಂಟು ಎಂದಿತು ನ್ಯಾಯಾಲಯ. ಫಿಟ್ಸ್ ಅಂಟುವ ರೋಗವಲ್ಲ. ತಿಳಿಸಬೇಕಾದದ್ದು ನಿಜ, ತಿಳಿಸಬೇಕಾದವನು ಅವನು.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪು ಬಂದದ್ದು ನಮ್ಮವರೊಬ್ಬರ ಅರ್ಜಿಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯವಾಗಿ ಕೋರ್ಟು ಹತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. (ನಮಗೋ ಐವತ್ತಕ್ಕೇ ಮಂಡಿನೋವಿನ ನೆಪ!) ಆದರೂ 2020ರ ಮಾರ್ಚಿನಲ್ಲಿ ಅದೇ ಕರ್ನಾಟಕದ ಸರ್ಕಾರ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು.

ಈಗ 14 ಅಂಕಿಯ ಆಭಾ ನಂಬರು ಬಂದಿದೆ. ಅದರ ಮೂಲಕ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಯಾವ ದಾಖಲೆ, ಯಾವ ಕಾರಣಕ್ಕೆ, ಎಷ್ಟು ದಿನ ಎಂದು ಕೇಳುತ್ತಾರೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು. ಆದರೆ ನಮ್ಮ ಮನೆಗಳಲ್ಲಿ ಅಪ್ಪ ಅಮ್ಮನ ಮೊಬೈಲು ಹಿಡಿದು ಓ.ಟಿ.ಪಿ. ಒತ್ತುವವರು ನೀವೇ ತಾನೇ? ಒತ್ತುವ ಮೊದಲು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಪರಿಚಯದ ಡಾಕ್ಟರನ್ನು ಕೇಳಬೇಕಾದರೆ ಅವರೊಬ್ಬರಿಗೇ ಕಳಿಸಿ, ಅದೂ ರೋಗಿಯನ್ನು ಕೇಳಿ.

ಅಕ್ಕನ ಮಗ ಗುಣವಾಗಿದ್ದಾನೆ, ಭಾನುವಾರ ಊಟಕ್ಕೂ ಬರುತ್ತಾನೆ. ಆಸ್ಪತ್ರೆಯಲ್ಲಿ ಮಾತ್ರ ನನ್ನ ನಂಬರು ತೆಗೆಸಿ ತನ್ನದನ್ನು ಬರೆಸಿದ್ದಾನೆ.