ಅಣುಗಳ ಕೂಡುಕುಟುಂಬ

ಹೈದರಾಬಾದಿನ ಔಷಧ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಇಲ್ಲಿನ ಕನ್ನಡ ಗೆಳೆಯರು "ಅಲ್ಲಿ ಏನ್ ಮಾಡ್ತೀರಿ?" ಎಂದು ಕೇಳಿದಾಗ "ಹರಳು ಬೆಳೆಸ್ತೀನಿ" ಎಂದರೆ ನಗುತ್ತಾರೆ. ಆದರೆ ನಾವು ನುಂಗುವ ಮಾತ್ರೆ ಹೊಟ್ಟೆಯಲ್ಲಿ ಎಷ್ಟು ಬೇಗ ಕರಗುತ್ತದೆ, ಮಳೆಗಾಲದ ತೇವವನ್ನು ತಡೆಯುತ್ತದೆಯೇ ಎಂಬುದು ಬಹುಪಾಲು ಅದರೊಳಗಿನ ಹರಳನ್ನು ಅವಲಂಬಿಸಿದೆ.

ಕಲ್ಲುಸಕ್ಕರೆಯ ಹರಳಿನಲ್ಲಿ ಒಂದೇ ಬಗೆಯ ಅಣುಗಳು ಸಾಲುಗಟ್ಟಿರುತ್ತವೆ. ಎರಡು ಅಥವಾ ಹೆಚ್ಚು ಬಗೆಯ ಅಣುಗಳು ಗೊತ್ತಾದ ಲೆಕ್ಕದಲ್ಲಿ ಸೇರಿ ಒಂದೇ ಹರಳಾದರೆ ಅದು ಸಹಸ್ಫಟಿಕ. ಇದು ಉಪ್ಪು, ಸಕ್ಕರೆ ಬೆರೆಸಿದಂಥ ಮಿಶ್ರಣವಲ್ಲ. ಅಣುವಿನೊಳಗಿನ ಬಂಧಗಳೂ ಮುರಿಯುವುದಿಲ್ಲ. ಅಣು ಅಣುಗಳ ನಡುವಿನ ಹೈಡ್ರೋಜನ್ ಬಂಧದಂಥ ಮೆದು ಸೆಳೆತಗಳೇ ಎಲ್ಲವನ್ನೂ ಹಿಡಿದಿಡುತ್ತವೆ.

ನಮ್ಮ ಕಾಫಿಯ ಕೆಫೀನನ್ನೇ ನೋಡಿ. ಗಾಳಿಯಲ್ಲಿ ತೇವ ಹೆಚ್ಚಾದರೆ ಅದರ ಹರಳು ನೀರನ್ನು ಒಳಗೆ ಸೇರಿಸಿಕೊಂಡು ರೂಪ ಬದಲಿಸುತ್ತದೆ. ಎರಡು ಕೆಫೀನ್ ಅಣುಗಳಿಗೆ ಒಂದು ಆಕ್ಸಾಲಿಕ್ ಆಮ್ಲದ ಅಣು ಸೇರಿದ ಸಹಸ್ಫಟಿಕ ಮಾತ್ರ ವಾರಗಟ್ಟಲೆ ತೇವದಲ್ಲಿಟ್ಟರೂ ಜಗ್ಗಲಿಲ್ಲ ಎಂದು 2005ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದರು. ಆಮ್ಲದ ಎರಡು ತುದಿಗಳೂ ಒಂದೊಂದು ಕೆಫೀನಿನ ನೈಟ್ರೋಜನ್ನನ್ನು ಹಿಡಿದುಕೊಂಡಿರುತ್ತವೆ.

ಮೂರು ಬಗೆಯ ಅಣುಗಳನ್ನು ಕೂಡಿಸುವುದು ಇನ್ನೂ ಕಷ್ಟ. ಸಾಮಾನ್ಯವಾಗಿ ಇಬ್ಬರು ಜೊತೆಯಾಗಿ ಮೂರನೆಯವರನ್ನು ಹೊರಗಿಡುತ್ತಾರೆ! ಇಲ್ಲಿ ನೆರವಾಗುವುದು ಆದ್ಯತೆಯ ನಿಯಮ. ಐಸೋನಿಕೋಟಿನಮೈಡ್ ಅಣುವಿಗೆ ಎರಡು ಕೈಗಳಿವೆ: ಪಿರಿಡಿನ್ ನೈಟ್ರೋಜನ್ ಮತ್ತು ಅಮೈಡ್. ಅದಕ್ಕೆ ಎರಡು ಆಮ್ಲಗಳನ್ನು ಕೊಟ್ಟರೆ ಪ್ರಬಲ ಆಮ್ಲ ಪಿರಿಡಿನ್ನನ್ನೂ ದುರ್ಬಲ ಆಮ್ಲ ಅಮೈಡನ್ನೂ ಹಿಡಿಯುತ್ತದೆ. ಇಂಥ ಮೂರರ ಹರಳುಗಳನ್ನು 2001ರಲ್ಲೇ ಲೆಕ್ಕಹಾಕಿ ಬೆಳೆಸಲಾಯಿತು.

ಅಣುಗಳು ಮತ್ತೆ ಮತ್ತೆ ಕೈಹಿಡಿಯುವ ಈ ಮಾದರಿಗಳನ್ನು 'ಸಿಂಥಾನ್' ಎನ್ನುತ್ತೇವೆ. 1995ರಲ್ಲಿ ಈ ಕಲ್ಪನೆಯನ್ನು ಹರಳುಗಳಿಗೆ ಅನ್ವಯಿಸಿದ ಗೌತಮ್ ದೇಸಿರಾಜು ಆಗ ನಮ್ಮ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಇದರ ಫಲ ಔಷಧದಂಗಡಿಯವರೆಗೂ ಬಂದಿದೆ. ಟ್ರಮಡಾಲ್ ಹೈಡ್ರೋಕ್ಲೋರೈಡ್ ಮತ್ತು ಸೆಲೆಕಾಕ್ಸಿಬ್ ಎಂಬ ಎರಡು ನೋವುನಿವಾರಕಗಳ ಸಹಸ್ಫಟಿಕಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಜೊತೆಯಾದ ಮೇಲೆ ಸೆಲೆಕಾಕ್ಸಿಬ್ ಬೇಗ ಕರಗುತ್ತದೆ, ಟ್ರಮಡಾಲ್ ನಿಧಾನಿಸುತ್ತದೆ.

ಹೊಸ ಔಷಧದ ಅಣುವನ್ನು ಹುಡುಕಲು ವರ್ಷಗಳೇ ಬೇಕು. ಕರಗುವುದಿಲ್ಲ, ತೇವಕ್ಕೆ ತಾಳುವುದಿಲ್ಲ ಎಂಬ ಕಾರಣಕ್ಕೆ ಸಿಕ್ಕ ಅಣುವನ್ನು ಕೈಬಿಡುವ ಮೊದಲು, ಅದಕ್ಕೊಂದು ಒಳ್ಳೆಯ ಜೊತೆ ಸಿಗಬಹುದೇ ಎಂದು ನೋಡುವುದೇ ನನ್ನ ದಿನದ ಕೆಲಸ.