ಸೂರ್ಯನನ್ನು ಎಣಿಸುವ ಗೇಟು

ಎರಡು ಇನ್‌ಪುಟ್ ಒಂದೇ ಆಗಿದ್ದರೆ 1, ಬೇರೆಯಾಗಿದ್ದರೆ 0. ಎಕ್ಸ್-ನಾರ್ ಗೇಟಿನ ಕೆಲಸ ಇಷ್ಟೇ. ಬ್ರೆಡ್‌ಬೋರ್ಡ್ ಮೇಲೆ ಎಲ್‌ಇಡಿ ಉರಿಸಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಲ್ಯಾಬಿನ ಪಾಠ ಮುಗಿಯಿತು. ಇದರಿಂದ ಏನು ಪ್ರಯೋಜನ ಎಂದು ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಓದುವ ಡಿಪ್ಲೊಮಾ ವಿದ್ಯಾರ್ಥಿ ಕೇಳಿದರೆ, ಉತ್ತರ ಅವರ ಜಿಲ್ಲೆಯಲ್ಲೇ ಇದೆ.

ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೊ ವೀಕ್ಷಣಾಲಯವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ ಕಟ್ಟಿದ್ದು. ಮೊದಲು ಬಂದದ್ದು 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸುವ, ಸಾವಿರ ಡೈಪೋಲ್‌ಗಳ ದೂರದರ್ಶಕ. 1997ರ ಹೊತ್ತಿಗೆ ಸೂರ್ಯನ ಕರೋನಾವನ್ನು ಚಿತ್ರಿಸುವ ರೇಡಿಯೊಹೀಲಿಯೊಗ್ರಾಫ್ ಸೇರಿಕೊಂಡಿತು. ಅದಕ್ಕಾಗಿ ತಯಾರಾದದ್ದು 1024 ಚಾನೆಲ್‌ಗಳ ಡಿಜಿಟಲ್ ಕೋರಿಲೇಟರ್.

ಕೋರಿಲೇಟರ್ ಎಂದರೆ ಎರಡು ಆಂಟೆನಾಗಳ ಸಂಕೇತಗಳನ್ನು ತಾಳೆ ನೋಡುವ ಯಂತ್ರ. ಇದನ್ನು ಮಾಡುವ ಅತಿ ಸರಳ ವಿಧಾನಕ್ಕೆ ಒಂದೇ ಬಿಟ್ ಸಾಕು. ಆಂಟೆನಾದ ವೋಲ್ಟೇಜ್ ಸೊನ್ನೆಗಿಂತ ಮೇಲಿದೆಯೇ, ಕೆಳಗಿದೆಯೇ ಎಂಬುದನ್ನಷ್ಟೇ ಕಂಪ್ಯಾರೇಟರ್ ಹೇಳುತ್ತದೆ. ಎಷ್ಟು ಮೇಲೆ ಎಂಬ ಲೆಕ್ಕವನ್ನೇ ಬಿಟ್ಟುಬಿಡುತ್ತೇವೆ. ಎರಡು ಕಡೆಯ ಬಿಟ್‌ಗಳು ಎಕ್ಸ್-ನಾರ್ ಗೇಟಿಗೆ ಹೋಗುತ್ತವೆ. ಎಷ್ಟು ಸಲ 1 ಬಂತು ಎಂದು ಕೌಂಟರ್ ಎಣಿಸುತ್ತದೆ. ಅಷ್ಟೊಂದು ಮಾಹಿತಿ ಎಸೆದರೂ ಸಂವೇದನೆಯಲ್ಲಿ ಶೇ. 64ರಷ್ಟು ಉಳಿಯುತ್ತದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಹೊಸದಾಗಿ ಇಂಟರ್ನ್‌ಶಿಪ್‌ಗೆ ಸೇರಿದವರು ಐಸಿ ಕೊಳ್ಳುವ ಮೊದಲೇ ಇದನ್ನು ಪೈಥಾನ್‌ನಲ್ಲಿ ಮಾಡಿ ನೋಡಬಹುದು. ಗೌಸಿಯನ್ ಹಂಚಿಕೆಯ ರ್‍ಯಾಂಡಮ್ ಸಂಖ್ಯೆಗಳ ಎರಡು ಸಾಲು ತೆಗೆದುಕೊಳ್ಳಿ, ಒಂದೊಂದರಲ್ಲೂ ಸಾವಿರ. ಇವು ಎರಡು ಆಂಟೆನಾಗಳ ಸ್ವಂತ ಗದ್ದಲ. ಧನವೋ ಋಣವೋ ಎಂಬ ಚಿಹ್ನೆ ಎಷ್ಟು ಕಡೆ ಹೊಂದುತ್ತದೆ ಎಂದು ಎಣಿಸಿದರೆ 500ರ ಆಸುಪಾಸು ಬರುತ್ತದೆ. ಈಗ ಅಷ್ಟೇ ಶಕ್ತಿಯ ಮೂರನೆಯ ಸಾಲೊಂದನ್ನು ಹುಟ್ಟಿಸಿ, ಎರಡಕ್ಕೂ ಕೂಡಿಸಿ. ಇದು ಸೂರ್ಯ. ಹೊಂದಾಣಿಕೆ 667ರ ಹತ್ತಿರಕ್ಕೆ ಏರುತ್ತದೆ. ಗದ್ದಲದಲ್ಲಿ ಕಣ್ಣಿಗೆ ಕಾಣದೆ ಹುದುಗಿದ್ದದ್ದು ಎಣಿಕೆಯಲ್ಲಿ ಸಿಕ್ಕಿಬಿತ್ತು! ನಿಜವಾದ ಸಂಕೇತ ಇನ್ನೂ ಕ್ಷೀಣವಾಗಿದ್ದರೆ ಸಾವಿರ ಸಾಲದು, ಲಕ್ಷಗಟ್ಟಲೆ ಎಣಿಸಬೇಕು. ಮಾದರಿಗಳು ನೂರು ಪಟ್ಟಾದರೆ ಅನಿಶ್ಚಿತತೆ ಹತ್ತನೇ ಒಂದಕ್ಕೆ ಇಳಿಯುತ್ತದೆ.

ಇಷ್ಟಾದ ಮೇಲೆ ಎರಡನೆಯ ಸಾಲನ್ನು ಒಂದೇ ಒಂದು ಮನೆ ಆಚೆ ಸರಿಸಿ ಮತ್ತೆ ಎಣಿಸಿ. ಸಂಖ್ಯೆ ಸೀದಾ 500ಕ್ಕೆ ಕುಸಿಯುತ್ತದೆ. ಸೂರ್ಯ ಅಲ್ಲೇ ಇದ್ದಾನೆ, ತಪ್ಪಿದ್ದು ಹೊತ್ತು. ಬಯಲಿನಲ್ಲಿ ಈ ಹೊತ್ತನ್ನು ಕಾಯುವುದು ಕೇಬಲ್‌ಗಳ ಉದ್ದ. 80 ಮೆಗಾಹರ್ಟ್ಸ್ ಅಲೆಯ ಒಂದು ಆವರ್ತಕ್ಕೆ 12.5 ನ್ಯಾನೊಸೆಕೆಂಡ್, ಕೇಬಲ್ ಒಂದಡಿ ಉದ್ದವಾದರೆ ಸುಮಾರು ಹತ್ತರಲ್ಲೊಂದು ಪಾಲು ಏರುಪೇರು. ಹಾಗಾಗಿ ಇಂಟರ್ನ್ ಕೈಗೆ ಪ್ರೋಗ್ರಾಮಿನ ಜೊತೆ ಅಳತೆ ಟೇಪೂ ಬೇಕಾಗುತ್ತದೆ.